ಭೂಮಿಯ ಚಕ್ಕುಬಂದಿ

ಕೆಲವು ವಿಷಯಗಳನ್ನು ಐವತ್ತು ದಾಟಿದವರಿಗೆ ಏಕಾಏಕಿ ಹೇಳಬಾರದು. ಎದೆ ಧಸಕ್ಕೆನ್ನುತ್ತದೆ. ನಾನು ಕೊರಟಗೆರೆಯಲ್ಲಿ ಪತ್ರ ಬರಹಗಾರ. ಹೊಲವಿರಲಿ, ಸೈಟಿರಲಿ, ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಏನು ಎಂದು ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಅಂಥ ನನ್ನ ಮುಂದೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನ್ನ ಹೆಂಡತಿ ಭಾನುವಾರ ಬೆಳಿಗ್ಗೆ ಒಂದು ಚಾರ್ಟು ಹರವಿ, "ನಿಮ್ಮ ಅಕ್ಷರ ದುಂಡಗಿದೆ, ವಿಶ್ವದಲ್ಲಿ ನಮ್ಮ ವಿಳಾಸ ಬರ್ಕೊಡಿ" ಎಂದಳು.

ಕೊರಟಗೆರೆ, ಭೂಮಿ, ಸೌರಮಂಡಲ, ಕ್ಷೀರಪಥ ಎಂದು ಬರೆದೆ. ಅಭ್ಯಾಸಬಲ ನೋಡಿ, ಕೆಳಗೆ ನಾಲ್ಕು ದಿಕ್ಕನ್ನೂ ಬರೆದು, "ಪೂರ್ವಕ್ಕೆ ಏನು ಹಾಕ್ಲಿ?" ಎಂದೆ.

"ಅಲ್ಲಿ ಪೂರ್ವ ಪಶ್ಚಿಮ ಇಲ್ಲಾರೀ. ಎಲ್ಲಾ ಕಡೆ ಖಾಲಿ."

"ಖಾಲಿ ಅಂದ್ರೆ? ಸರ್ಕಾರಿ ಖರಾಬು ಜಮೀನೇ?"

ಹಣೆ ಚಚ್ಚಿಕೊಂಡಳು. ನಾವು ಕ್ಷೀರಪಥದ ನಡುವೆಯೂ ಇಲ್ಲವಂತೆ, ಅಂಚಿನಲ್ಲೂ ಇಲ್ಲವಂತೆ. ಭೂಮಿ ಸೂರ್ಯನ ಸುತ್ತ, ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಕ್ಷೀರಪಥದ ನಡುಭಾಗದ ಸುತ್ತ, ಕ್ಷೀರಪಥ ಇನ್ನೆಲ್ಲಿಗೋ!

"ನಿಂತಿರೋದು ಯಾವ್ದೇ?"

"ಯಾವ್ದೂ ಇಲ್ಲ."

ಅಯ್ಯೋ ಶಿವನೇ! ಇಷ್ಟು ವರ್ಷ ನಾನು ಬರೆದ ಪತ್ರಗಳ ಸ್ವತ್ತು ಒಂದಾದರೂ ಆವತ್ತಿನ ಜಾಗದಲ್ಲಿಲ್ಲ! ಅದರಲ್ಲೂ ಮಾರನೆಯ ದಿನ ನಮ್ಮ ಮನೆ ಅಳೆಯಲು ಸರ್ವೆಯವರು ಬರುವವರಿದ್ದರು. ದಕ್ಷಿಣದ ಮನೆಯ ಕಂಬಣ್ಣನೂ ನಾನೂ ದಿನಾ ಒಟ್ಟಿಗೆ ಟೀ ಕುಡಿದವರು. ಅವನ ಗೋಡೆ ಅರ್ಧ ಅಡಿ ನನ್ನ ಕಡೆ ಬಂದಿದೆಯೆಂದು ಎಂಟು ತಿಂಗಳಿಂದ ಮಾತಿಲ್ಲ. ಟೀ ರುಚಿಯೇ ಹೋಗಿತ್ತು. ಈಗ ಓಡುವ ಗಡಿಕಲ್ಲನ್ನು ಸರ್ವೆಯವರು ಎಲ್ಲಿ ಅಂತ ಹಿಡಿದು ಅಳೆಯಬೇಕು?

ಹೊರಗೆ ಓಡಿದೆ. ಕಂಬಣ್ಣ ಅದೇ ಗೋಡೆಯ ಮೇಲೆ ಟವೆಲ್ ಹರವುತ್ತಿದ್ದ. ಗಾಬರಿಯಲ್ಲಿ ಜಗಳ ಮರೆತು ಎಲ್ಲ ಒದರಿಬಿಟ್ಟೆ.

"ದಿಟವೇನ್ಲಾ? ಗಡಿಕಲ್ಲೂ ಓಡ್ತೈತಾ?"

"ಓಡ್ತೈತೆ ಕಣ್ಲಾ."

"ನನ್ ಗ್ವಾಡೆ?"

"ಅದೂವೆ."

ಟವೆಲ್ ಬಿಟ್ಟು ಗಡಿಕಲ್ಲನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ. "ಲೇ, ಎಲ್ಡೂ ಜೊತೇಲೇ ಓಡಿದ್ರೆ ಆ ಅರ್ಧ ಅಡಿ ಅಂಗೇ ಇರ್ತೈತಲ್ಲೋ!"

"ಅಂದ್ರೆ ಅರ್ಧ ಅಡಿ ಒತ್ತಿದ್ದೀಯ ಅಂತ ಒಪ್ಕೊಂಡೆ!"

ನಾಲಿಗೆ ಕಚ್ಚಿಕೊಂಡ. ಆಮೇಲೆ ಟೀ ಬರುವವರೆಗೂ ಬಾಯ್ತುಂಬ ಬೈದಾಡಿದೆವು. ಎಂಟು ತಿಂಗಳ ಬಾಕಿ, ನನಗಂತೂ ಜೀವ ಬಂದಂತಾಯಿತು. ಮರುದಿನ ಇಬ್ಬರೂ ಒಟ್ಟಿಗೆ ಹೋಗಿ ಸರ್ವೆ ಬೇಡವೆಂದು ಹೇಳಿಬಂದೆವು.

ಚಾರ್ಟು ನೋಡಿ ಹೆಂಡತಿ ಕೆಂಡವಾದಳು. ಮೂರು ದಿಕ್ಕು ಖಾಲಿ ಬಿಟ್ಟು, "ದಕ್ಷಿಣಕ್ಕೆ: ಕಂಬಣ್ಣನವರ ಗೋಡೆ" ಎಂದು ಬರೆದಿದ್ದೆ. ಏನು ಮಾಡಲಿ, ಇಷ್ಟು ದೊಡ್ಡ ವಿಶ್ವದಲ್ಲಿ ನನಗೆ ಖಾತ್ರಿಯಾಗಿ ಗೊತ್ತಿರುವುದು ಅದೊಂದೇ. ಅದರಲ್ಲೂ ಅರ್ಧ ಅಡಿ ನನ್ನದು.