ಬ್ರೇಕ್ ಮೇಷ್ಟ್ರ ಸೊಂಡಿಲು

"ಈ ಮೂಗು ಇರೋದು ಗಾಳಿ ಎಳೆಯೋಕೆ, ಪೈಪು ಸಿಕ್ಕಿಸೋಕಲ್ಲ! ನನ್ನ ಮುಖಕ್ಕೆ ಆ ಸೊಂಡಿಲು ಕಟ್ಟೋ ಗಂಡು ಇನ್ನೂ ಹುಟ್ಟಿಲ್ಲ!"

ಹೀಗೆ ಗುಡುಗಿ ಬ್ರೇಕ್ ಮೇಷ್ಟ್ರು ಊಟದ ಮೇಜನ್ನು ಗುದ್ದಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ, ನೀರೆಲ್ಲ ಅವರ ಮಡಿಲಿಗೇ ಬಂತು.

ಹೆಂಡತಿ ಒರೆಸೋ ಬಟ್ಟೆ ಎಸೆದು, "ಗಂಡು ಯಾಕೆ? ನಾನೇ ಕಟ್ತೀನಿ" ಅಂದರು.

ಮೇಷ್ಟ್ರದು ಡ್ರೈವಿಂಗ್ ಸ್ಕೂಲಿನ ಕೆಲಸ. ಕಲಿಯೋರು ಸ್ಟೀರಿಂಗ್ ಹಿಡಿದರೆ, ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲ ಬುಡದಲ್ಲಿರೋ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಊರನ್ನು ಕಾಯೋದು. ಹಾಗಾಗಿ ಹೆಸರೇ ಬ್ರೇಕ್ ಮೇಷ್ಟ್ರು. ಇಷ್ಟು ವರ್ಷದಲ್ಲಿ ಕಾರಿಗೆ ಒಂದು ಗೀರು ಬಿದ್ದಿಲ್ಲ ಅನ್ನೋದು ಅವರ ಕಿರೀಟ. ಆದರೆ ಈಚೆಗೆ ಬ್ರೇಕ್ ಬೀಳುತ್ತಿದ್ದುದು ಅವರ ಕಣ್ಣಿಗೆ! ಬೆಲ್ಟ್ ಕಟ್ಟಿಕೊಂಡರೆ ಸಾಕು, ರೆಪ್ಪೆ ಜಾರುತ್ತಿತ್ತು. ಇನ್ನು ಮನೆಯಲ್ಲಿ ಅವರ ಗೊರಕೆ! ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡೋರು. ಹಗಲೆಲ್ಲ ತುಟಿ ಮೇಲೆ ಬೆರಳಿಟ್ಟು ಊರನ್ನೇ ಸುಮ್ಮನಿರಿಸುವ ಆ ತಾಯಿಗೆ ರಾತ್ರಿ ಒಬ್ಬ ಗಂಡನನ್ನು ಸುಮ್ಮನಿರಿಸಲು ಆಗುತ್ತಿರಲಿಲ್ಲ.

ಗುಟ್ಟು ರಟ್ಟಾಗಿದ್ದು ನಿವೃತ್ತ ಲೆಕ್ಕದ ಟೀಚರಿಂದ. ಅವರು ಕಾರು ಕಲಿಯಲು ಬಂದಿದ್ದರು. ಮೇಷ್ಟ್ರು, "ನಾನು ಹೇಳೋ ತನಕ ನೇರ ಹೋಗ್ತಾ ಇರಿ" ಅಂದರು. ಆಮೇಲೆ ಹೇಳಲೇ ಇಲ್ಲ. ಟೀಚರು ಜೀವಮಾನವಿಡೀ ಸರಳರೇಖೆ ಎಳೆದವರು; ನೇರ ಹೋದರು. ಮಾರ್ಕೆಟ್ ಹೋಯಿತು, ಸೇತುವೆ ಹೋಯಿತು, ಊರೇ ಮುಗಿದು ಮುಂದಿನ ಊರಿನ ಬೋರ್ಡು ಬಂತು. ಅಷ್ಟರಲ್ಲಿ ಪಕ್ಕದಿಂದ "ಗೊರ್ರ್ರ್... ಘಳಕ್!" ಅಂತ ಸದ್ದು. ಮಧ್ಯೆ ಪೂರ್ತಿ ನಿಶ್ಶಬ್ದ. ಮತ್ತೆ ಗೊರ್ರ್ರ್! ಗೇರ್ ಬಾಕ್ಸ್ ಹೋಯಿತು ಅಂದುಕೊಂಡು ಟೀಚರು ಸಿಕ್ಕ ಗ್ಯಾರೇಜಿಗೆ ಕಾರು ನುಗ್ಗಿಸಿದರು.

ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿಗೊಟ್ಟ. "ಇಂಜಿನ್ ಆಫ್ ಮಾಡಿಯಮ್ಮ."

"ಆಗಲೇ ಆಫ್ ಮಾಡಿದೀನಪ್ಪ!"

ಮೆಕ್ಯಾನಿಕ್ ಕಿಟಕಿಯಲ್ಲಿ ಇಣುಕಿ ನೋಡಿದ. "ಕಾರು ಚೆನ್ನಾಗಿದೆಯಮ್ಮ. ಮೇಷ್ಟ್ರನ್ನೇ ಬಿಚ್ಚಿ ನೋಡ್ಬೇಕು!"

ಸ್ಕೂಲಿನ ಓನರ್ ಖಡಾಖಂಡಿತವಾಗಿ ಹೇಳಿಬಿಟ್ಟರು: ಮೊದಲು ಡಾಕ್ಟರು, ಆಮೇಲೆ ಕಾರು. ಡಾಕ್ಟರು ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. "ನೀವು ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ. ರಾತ್ರಿಯಿಡೀ ಇದೇ ಗೋಳು. ನೀವು ಮಾಡ್ತಿರೋದು ನಿದ್ದೆಯಲ್ಲ ಮೇಷ್ಟ್ರೇ, ಕುಸ್ತಿ!" ಎಂದು, ಮಲಗುವಾಗ ಮೂಗಿಗೆ ಗಾಳಿ ಒತ್ತುವ ಮೆಷಿನ್ ಬರೆದುಕೊಟ್ಟರು.

ಹೀಗೆ ಮನೆಗೆ ಬಂತು ಸೊಂಡಿಲು. ಮೇಷ್ಟ್ರ ಘೋಷಣೆ ಮೇಜಿನ ಮೇಲೆ ಒಣಗುವ ಮೊದಲೇ ಹೆಂಡತಿ ಪಟ್ಟಿ ಬಿಗಿದೇಬಿಟ್ಟರು. ಸ್ವಿಚ್ ಒತ್ತಿದ್ದೇ ತಡ, ಬಿರುಗಾಳಿ! ಮಾಸ್ಕಿನ ಅಂಚಿಂದ ಸೋರಿದ ಗಾಳಿ ಕಣ್ಣಿಗೆ ನುಗ್ಗಿ ರೆಪ್ಪೆಗಳು ಬಾವುಟದಂತೆ ಪಟಪಟ ಅಂದವು. ಮಗ್ಗುಲಾದರೆ ಪೈಪು ಕುತ್ತಿಗೆಗೆ, ಇತ್ತ ಹೊರಳಿದರೆ ಹೆಂಡತಿಯ ತೋಳಿಗೆ. ಬೆಳಿಗ್ಗೆ ಕೆನ್ನೆಯ ಮೇಲೆ ಪಟ್ಟಿಯ ಗುರುತು ನೋಡಿ ಓನರ್, "ಮನೇಲಿ ಏನಾದ್ರೂ ಗಲಾಟೆನಾ?" ಅಂತ ಮೆಲ್ಲಗೆ ವಿಚಾರಿಸಿದರು.

ಸಾಕಪ್ಪ ಸಾಕು! ಮೇಷ್ಟ್ರು ರಾಜತಂತ್ರಕ್ಕೆ ಇಳಿದರು. "ನಿನ್ನ ನಿದ್ದೆ ಯಾಕೆ ಕೆಡಿಸಲಿ? ಮೆಷಿನ್ ತಗೊಂಡು ನಾನು ಹಾಲ್‌ನಲ್ಲೇ ಮಲಗ್ತೀನಿ" ಅಂದರು, ತ್ಯಾಗಮೂರ್ತಿಯ ಮುಖ ಮಾಡಿ.

ಹಾಲ್‌ನಲ್ಲಿ ಮಲಗುತ್ತಿದ್ದುದು ಅವರ ಮಾವ, ಅಂದರೆ ಹೆಂಡತಿಯ ತಂದೆ. ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಮೇಷ್ಟ್ರು ಮಾಸ್ಕನ್ನು ಮೂಲೆಗೆ ಎಸೆದಿದ್ದು ನೋಡಿ ಅವರ ಮೀಸೆ ಕುಣಿಯಿತು.

"ಇಷ್ಟಕ್ಕೇ ಹೆದರಿದ್ರಾ ಅಳಿಯಂದಿರೇ? ಹೊಗೆ ತುಂಬಿದ ಗೋಡೌನಿಗೆ ಮಾಸ್ಕ್ ಹಾಕ್ಕೊಂಡು ನುಗ್ಗಿದವನು ನಾನು! ಕೊಡಿ ಇಲ್ಲಿ!"

ಕೊಟ್ಟೇಬಿಟ್ಟರು! ಮಾವ ಮಾಸ್ಕನ್ನು ಪದಕದ ಹಾಗೆ ಧರಿಸಿದರು.

"ಆದ್ರೆ ಮಾವ, ಮಗಳ ಹತ್ರ ಉಸಿರೆತ್ತಬಾರದು."

"ಉಸಿರು ನೋಡ್ಕೊಳ್ಳೋದು ಇನ್ಮೇಲೆ ಮೆಷಿನ್ ಕೆಲಸ, ನಂದಲ್ಲ!"

ಮರುದಿನ ಹೆಂಡತಿ ಹುಬ್ಬು ಗಂಟಿಕ್ಕಿದರು. "ರೀ, ಮೆಷಿನ್ ಸದ್ದೂ ಕೇಳ್ತಿತ್ತು, ಗೊರಕೆನೂ ಕೇಳ್ತಿತ್ತು?"

"ನಿಮ್ಮಪ್ಪ ಕಣೇ. ವಯಸ್ಸಾಯ್ತಲ್ಲ, ಪಾಪ!"

ಪಾಪ ಅನ್ನಿಸಿಕೊಂಡ ಮಾವ ಅಷ್ಟರಲ್ಲಿ ಏಣಿ ಹತ್ತಿ ಮಾಳಿಗೆಯ ತೊಟ್ಟಿ ತೊಳೆಯುತ್ತಿದ್ದರು! ಅದುವರೆಗೆ ಪೇಪರ್ ಮುಖಕ್ಕೆ ಮುಚ್ಚಿಕೊಂಡು ಕುರ್ಚಿಯಲ್ಲೇ ದಿನ ಕಳೆಯುತ್ತಿದ್ದ ಮನುಷ್ಯ, ವಾರದೊಳಗೆ ಸೋರುವ ನಲ್ಲಿ ಸರಿ ಮಾಡಿದರು, ಗೇಟಿಗೆ ಬಣ್ಣ ಬಳಿದರು, ಎದುರು ಮನೆಯ ಗೇಟಿಗೂ ಬಳಿದರು. ಎದುರು ಮನೆಯವರು ಕೇಳಿರಲಿಲ್ಲ.

"ಏನ್ರೀ ವಿಚಿತ್ರ!" ಅಂದರು ಹೆಂಡತಿ. "ಮೆಷಿನ್ ಹಾಕ್ಕೊಳ್ಳೋರು ನೀವು, ಚಿಗುರಿದ್ದು ನಮ್ಮಪ್ಪ!"

"ಪಕ್ಕದಲ್ಲೇ ಮಲಗ್ತಾರಲ್ಲ," ಮೇಷ್ಟ್ರು ಆಕಳಿಸಿದರು, "ಗಾಳಿ ಸೋಕಿರಬೇಕು."

ಚಿಗುರಿದ ಮಾವನಿಗೆ ಒಂದು ಹಳೇ ಆಸೆಯೂ ಚಿಗುರಿತು. ಸರ್ವೀಸಿನ ಉದ್ದಕ್ಕೂ ಬೆಂಕಿ ನಂದಿಸೋ ಗಾಡಿಯ ಹಿಂದೆ ಜೋತುಬಿದ್ದೇ ಹೋದವರು. ಸ್ಟೀರಿಂಗ್ ಮುಟ್ಟಲು ಯಾರೂ ಬಿಟ್ಟಿರಲಿಲ್ಲ. "ಅಳಿಯಂದಿರೇ, ನಂಗೂ ಕಾರು ಕಲಿಸಿ!" ಅಂತ ಹಟ ಹಿಡಿದರು. ಮೇಷ್ಟ್ರು ಓನರ್ ಮುಂದೆ, ಮೆಷಿನ್ ಹಾಕಿಕೊಂಡು ಈಗ ಪೂರ್ತಿ ಗುಣವಾಗಿದೆ ಅಂತ ಎದೆ ತಟ್ಟಿಕೊಂಡು, ಮಾವನನ್ನು ಹೊರಡಿಸಿಕೊಂಡು ಹೊರಟರು.

ಲೈಬ್ರರಿ ಮುಂದಿನ ಸರ್ಕಲ್. ನಾಲ್ಕು ಕಡೆಯಿಂದಲೂ ಗಾಡಿಗಳು. ಮಾವ ಹುರುಪಿನಿಂದ ನುಗ್ಗಿಸುತ್ತಿದ್ದರು. ನಟ್ಟನಡುವೆ ಬಂದಾಗ ಮೇಷ್ಟ್ರ ಕುತ್ತಿಗೆ ಎದೆಗೆ ಬಿತ್ತು, ಕಾಲು ಸೋತು ಪೂರ್ತಿ ಭಾರ ಬ್ರೇಕಿನ ಮೇಲೆ ಬಿತ್ತು. ಕಾರು ಕಚಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸು ಕಿರ್ರನೆ ಕಿರುಚಿ, ಬಂಪರಿಗೆ ಒಂದು ಗೇಣು ಬಿಟ್ಟು ನಿಂತಿತು.

"ಅಳಿಯಂದಿರೇ! ಕಾಲು ತೆಗೀರಿ!"

ಗೊರ್ರ್ರ್. ಆಮೇಲೆ ನಿಶ್ಶಬ್ದ. ಉಸಿರೇ ಇಲ್ಲ!

ಮಾವನೊಳಗಿನ ಅಗ್ನಿಶಾಮಕ ದಳದವನು ಎದ್ದು ನಿಂತ. ಕೆಳಗಿಳಿದರು, ಬಾಗಿಲು ತೆಗೆದರು, ಬೆಲ್ಟ್ ಬಿಚ್ಚಿದರು. ಅಳಿಯನನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಹಾಕಿಕೊಂಡು, "ದಾರಿ ಬಿಡಿ! ದಾರಿ ಬಿಡಿ!" ಅಂತ ಕೂಗುತ್ತಾ ಫುಟ್‌ಪಾತಿನ ಕಡೆ ಓಡಿದರು.

ಮೇಷ್ಟ್ರಿಗೆ ಎಚ್ಚರವಾದಾಗ ಲೋಕ ತಲೆಕೆಳಗಾಗಿತ್ತು. ಬಸ್ಸು ತಲೆಕೆಳಗು, ಪೊಲೀಸು ತಲೆಕೆಳಗು. ಹಾರ್ನುಗಳ ಗದ್ದಲ ತಾಳದೆ ತುಟಿಗೆ ಬೆರಳಿಟ್ಟುಕೊಂಡೇ ಲೈಬ್ರರಿಯಿಂದ ಹೊರಬಂದ ಹೆಂಡತಿಯೂ ತಲೆಕೆಳಗು!

"ಅಪ್ಪಾ! ಏನಾಯ್ತು ಇವರಿಗೆ?"

"ಏನಿಲ್ಲ ಮಗಳೇ," ಮಾವ ಏದುಸಿರಿಲ್ಲದೆ ಹೇಳಿದರು, "ಬರೀ ನಿದ್ದೆ! ಮೆಷಿನ್ ನನ್ನ ಹತ್ರ ಇದೆಯಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಡತಿಯ ಬೆರಳು ತುಟಿಯಿಂದ ಮೆಲ್ಲಗೆ ಇಳಿಯಿತು. ಬಯ್ಯಲಿಲ್ಲ. ಅದೇ ಭಯಂಕರ! ಬಸ್ಸಿಗೂ ಕಾರಿಗೂ ನಡುವಿನ ಆ ಗೇಣು ಜಾಗವನ್ನೇ ನೋಡುತ್ತಾ ನಿಂತರು. ಹೆಗಲಿಂದ ಇಳಿದ ಮೇಷ್ಟ್ರೂ ಅದನ್ನೇ ನೋಡಿದರು. ಬಸ್ಸಿನ ಡ್ರೈವರ್ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತುಬಿಟ್ಟಿದ್ದ.

ಮನೆ ತಲುಪುವ ಹೊತ್ತಿಗೆ ಮೇಷ್ಟ್ರಿಗೆ ಹಳೇ ಕೊಬ್ಬು ವಾಪಸ್ ಬಂತು. "ಹಾಕ್ಕೋತೀನಿ! ಸೋತು ಅಲ್ಲ! ಬಸ್ಸಿನವನ ಮೇಲಿನ ಕನಿಕರಕ್ಕೆ ಹಾಕ್ಕೋತೀನಿ!"

"ಯಾರ ಮೇಲಿನ ಕನಿಕರಕ್ಕಾದ್ರೂ ಸರಿ, ಹಾಕ್ಕೊಳ್ಳಿ," ಅಂದರು ಹೆಂಡತಿ. ಅವರ ದನಿ ಒಡೆದಿತ್ತು.

ಆದರೆ ಮಾವ ಮೆಷಿನ್ ಬಿಡಲು ಒಪ್ಪಲಿಲ್ಲ! ಮೂವರೂ ಡಾಕ್ಟರ ಮುಂದೆ ನಿಂತರು. ಒಬ್ಬರ ಮೆಷಿನ್ ಇನ್ನೊಬ್ಬರು ಹಾಕಿಕೊಳ್ಳುವುದು ಕನ್ನಡಕ ಬದಲಾಯಿಸಿಕೊಂಡ ಹಾಗೆ ಅಂತ ಡಾಕ್ಟರು ಇಬ್ಬರಿಗೂ ಮಂಗಳಾರತಿ ಮಾಡಿ, ಮಾವನನ್ನೂ ಪರೀಕ್ಷಿಸಿ, ಅವರಿಗೂ ಅದೇ ಕಾಯಿಲೆ ಅಂತ ಗೊತ್ತಾಗಿ, ಬೇರೆಯದೇ ಮೆಷಿನ್ ಕೊಟ್ಟರು. ಮೇಷ್ಟ್ರ ಮಾಸ್ಕಿನ ಅಳತೆಯೇ ದೊಡ್ಡದಾಗಿತ್ತಂತೆ. ಅದಕ್ಕೇ ಆ ಬಿರುಗಾಳಿ! ಅದನ್ನೂ ಬದಲಿಸಿಕೊಟ್ಟರು.

"ಮಾಸ್ಕ್ ಜೊತೆ ಜಗಳ ಆಡಬೇಡಿ ಅಳಿಯಂದಿರೇ," ಎಂದು ಮಾವ ತರಬೇತಿ ಶುರು ಮಾಡಿದರು. "ಹಗಲೇ ಹಾಕ್ಕೊಂಡು ಕೂತ್ಕೊಳ್ಳಿ. ರೇಡಿಯೋ ಕೇಳಿ. ಅದು ನಿಮ್ಮ ಪರಿಚಯ ಮಾಡ್ಕೊಳ್ಳಲಿ." ಸಂಜೆ ಹೊತ್ತು ಸೋಫಾದ ಮೇಲೆ ಮಾವ ಅಳಿಯ ಇಬ್ಬರೂ ಎರಡು ಆನೆಮರಿಗಳಂತೆ ಕೂತು ಕ್ರಿಕೆಟ್ ಕಾಮೆಂಟರಿ ಕೇಳಿದರು. ಮೇಷ್ಟ್ರು ಗುರುಗುಟ್ಟಿದರು, ಕಿತ್ತರು, ಮತ್ತೆ ಹಾಕಿಕೊಂಡರು. ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರ, ಮೈ ಹಗುರ. ಗುಬ್ಬಿ ಚಿಲಿಪಿಲಿ ಅನ್ನೋದು ಕೇಳಿಸಿತು!

ಡಾಕ್ಟರು ಸರಿ ಅಂದ ಮೇಲೆ ಓನರ್ ಮತ್ತೆ ಕಾರು ಕೊಟ್ಟರು. ಈಗ ನೋಡಬೇಕಿತ್ತು ಬ್ರೇಕ್ ಮೇಷ್ಟ್ರನ್ನು! ಕಣ್ಣು ಎರಡು ಟಾರ್ಚು! ಯಾವುದೂ ತಪ್ಪುತ್ತಿರಲಿಲ್ಲ. "ಕನ್ನಡಿ ನೋಡಿ! ಕ್ಲಚ್ ಮೆಲ್ಲಗೆ! ನಾಯಿ ಬಂತು! ನಾಯಿ ಹೋಯ್ತು! ಗೇರ್ ಅಂದ್ರೆ ಮಜ್ಜಿಗೆ ಕಡೆಯೋ ಕೋಲಲ್ಲ ಕಣ್ರೀ!" ಹೊರಟಲ್ಲಿಂದ ವಾಪಸ್ ಬರೋ ತನಕ ಸುರಿಮಳೆ.

ಆ ದಿನ ಸ್ಟೀರಿಂಗ್ ಹಿಡಿದವರು ಹಲ್ಲಿನ ಡಾಕ್ಟರಮ್ಮ. ಅವರು ಸದ್ದಿಲ್ಲದೆ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೇಷ್ಟ್ರ ಕಡೆ ತಿರುಗಿ ಕೈ ಮುಗಿದರು.

"ಮೇಷ್ಟ್ರೇ, ಇಷ್ಟು ವರ್ಷ ನಾನು ಜನಕ್ಕೆ ಬಾಯಿ ತೆಗೀರಿ ಅಂತಲೇ ಹೇಳಿಕೊಂಡು ಬಂದಿದೀನಿ. ಇವತ್ತು ಮೊದಲನೇ ಸಲ ಉಲ್ಟಾ ಕೇಳ್ತಿದೀನಿ. ನಿಮ್ಮ ಹತ್ರ ಯಾವುದೋ ಮೆಷಿನ್ ಇದೆಯಂತೆ, ಅದು ಹಾಕ್ಕೊಂಡವರು ಬಾಯಿ ಮುಚ್ಚಿಕೊಂಡೇ ಇರಬೇಕಂತೆ. ದಯವಿಟ್ಟು ಅದನ್ನ ಕಾರಿಗೂ ತರ್ತೀರಾ?"