ಮುಂಜಾವು ಕಾಫಿಯ ಪ್ಯಾಕೆಟ್ಟು

ನನ್ನ ಕೈಯಲ್ಲಿ ಕಲೆ ಇದೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಉಳಿದೆಲ್ಲ ವಿಷಯಗಳಲ್ಲೂ ಇತ್ತು.

ಆಗ ತುಮಕೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಮಾವಿನಕಾಯಿ ಬರೆಸಿ ಬರೆಸಿ ಬೇಸತ್ತಿದ್ದೆ. ಗುಬ್ಬಿಯ ರುದ್ರಪ್ಪನವರು ಕಾಫಿಪುಡಿ ವ್ಯಾಪಾರ ಶುರುಮಾಡುತ್ತಾರೆ, ಪ್ಯಾಕೆಟ್ಟಿಗೆ ಚಿತ್ರ ಬರೆಯುವವರು ಬೇಕಂತೆ ಎಂದು ಸುದ್ದಿ ಬಂತು. ಈ ಕೆಲಸ ಸಿಕ್ಕರೆ ನನ್ನ ಚಿತ್ರ ಜಿಲ್ಲೆಯ ಅಂಗಡಿ ಅಂಗಡಿಯಲ್ಲೂ ಕೂರುತ್ತದೆ!

ಬರೀ ಹಾಳೆ ತೋರಿಸಿದರೆ ಸಾಲದು, ಸಾಕ್ಷಾತ್ ಪ್ಯಾಕೆಟ್ಟನ್ನೇ ಮಾಡಿ ಒಯ್ಯಬೇಕೆಂದು ತೀರ್ಮಾನಿಸಿದೆ. ದೇವರಾಯನದುರ್ಗದ ಬೆಟ್ಟ, ಹಿಂದೆ ಸೂರ್ಯ, ಮೇಲೆ ಅಚ್ಚಿನಂಥ ಅಕ್ಷರದಲ್ಲಿ ನಾನೇ ಇಟ್ಟ ಹೆಸರು: ‘ಮುಂಜಾವು ಕಾಫಿ’. ಒಳಗೆ ಶಿರಾ ಗೇಟಿನ ಹತ್ತಿರದ ಮರ ಕೊಯ್ಯುವ ಮಿಲ್ಲಿನಿಂದ ತಂದ ಮರದ ಹೊಟ್ಟು.

“ಒಂದಿಷ್ಟು ನಿಜವಾದ ಪುಡೀನೇ ತುಂಬಬಾರ್ದೇನ್ರೀ?” ಎಂದಳು ಹೆಂಡತಿ ಜಲಜ.

“ಚಿತ್ರ ನೋಡೋರು ಒಳಗೆ ಕೈ ಹಾಕಲ್ಲ ಕಣೇ.”

ಆದರೂ ಚಿಂತೆ. ಮೂಸಿ ನೋಡಿದರೆ? ಮೇಲೊಂದು ಪದರ ಅಸಲಿ ಪುಡಿ ಉದುರಿಸಿ ಪ್ಯಾಕೆಟ್ಟಿನ ಬಾಯಿ ಅಂಟಿಸಿದೆ. ಈ ಮುಂದಾಲೋಚನೆಯೇ ನನ್ನನ್ನು ಮುಳುಗಿಸಿತು.

ಗುಬ್ಬಿಯಲ್ಲಿ ರುದ್ರಪ್ಪನವರು ಸ್ನಾನಕ್ಕೆ ಹೋಗಿದ್ದರು. ಬಾಗಿಲು ತೆಗೆದ ಅವರ ಹೆಂಡತಿಗೆ, ಪ್ಯಾಕೆಟ್ಟಿನ ಚಿತ್ರದ ವಿಷಯ ಮಾತಾಡಲು ಬಂದ ಮೇಷ್ಟ್ರು ಎಂದೆ.

“ಅಯ್ಯೋ, ಇದೆಲ್ಲ ಯಾಕ್ ತರಕ್ಕೋದ್ರಿ ಮೇಷ್ಟ್ರೇ,” ಎನ್ನುತ್ತಲೇ ಆಕೆ ನನ್ನ ಕೈಯಲ್ಲಿದ್ದುದನ್ನು ಇಸಿದುಕೊಂಡು ಒಳಗೆ ನಡೆದರು.

ಬರಿಗೈಯಲ್ಲಿ ಬರಬಾರದೆಂದು ತಂದದ್ದಲ್ಲ, ವಾಪಸ್ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ನಾನು ವಾಕ್ಯ ಜೋಡಿಸುವಷ್ಟರಲ್ಲಿ ಅಡುಗೆಮನೆಯಿಂದ ಕಾಗದ ಹರಿದ ಸದ್ದು ಬಂತು.

ರುದ್ರಪ್ಪನವರು ಬಂದರು. ಕಾಫಿಯೂ ಬಂತು.

“ಮೇಷ್ಟ್ರು ತಂದಿರೋ ಪುಡೀಲೇ ಮಾಡಿದೀನಿ,” ಎಂದರು ಆಕೆ.

ರುದ್ರಪ್ಪನವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ನಾನು ಲೋಟ ಪೂರ್ತಿ ಖಾಲಿ ಮಾಡಿದೆ. ಬೇವಿನ ಮರದ್ದಿರಬೇಕು.

“ಮನೇಲಿ ದಿನಾ ಇದೇ ಕುಡೀತೀರಾ?”

“ಹೂಂ. ಅಭ್ಯಾಸ ಆಗೋಗಿದೆ.”

ಅವರು ಹರಿದ ಪ್ಯಾಕೆಟ್ಟು ತರಿಸಿ ಹಿಂದೆ ಮುಂದೆ ತಿರುಗಿಸಿದರು. ಒಳಗಿದ್ದುದನ್ನು ಅಂಗೈಗೆ ಸುರಿದುಕೊಂಡು ಉಜ್ಜಿ ನೋಡಿದರು.

“ನೋಡಿ ಮೇಷ್ಟ್ರೇ, ಯಾವನೋ ಎಷ್ಟು ಚೆಂದಾಗಿ ಪ್ರಿಂಟ್ ಮಾಡ್ಸವ್ನೆ. ಒಳಗೆ ಮರದ ಹೊಟ್ಟು ತುಂಬವ್ನೆ! ಇನ್ಮೇಲೆ ಜನ ಚೆಂದದ ಪ್ಯಾಕೆಟ್ ಕಂಡ್ರೆ ಹೆದರ್ತಾರೆ. ನಮ್ ಪುಡಿಗೆ ಚಿತ್ರಗಿತ್ರ ಬ್ಯಾಡ ಬುಡಿ.”

ಬರೆದವನು ನಾನೇ ಎಂದರೆ ತುಂಬಿದವನೂ ನಾನೇ ಆಗುತ್ತೇನೆ. ಪ್ರಿಂಟು ಎಂದರಲ್ಲ, ಅಷ್ಟೇ ನನ್ನ ಕಲೆಗೆ ಸಂದ ಗೌರವ. ಹೊರಡುವಾಗ ಅವರು ಮರುಗಿ, ತಮ್ಮ ಪುಡಿಯನ್ನೇ ನ್ಯೂಸ್ ಪೇಪರಿನಲ್ಲಿ ಕಟ್ಟಿಕೊಟ್ಟರು.

ನಡೆದದ್ದೆಲ್ಲ ಕೇಳಿ ನಕ್ಕು ನಕ್ಕು ಸುಸ್ತಾದ ಜಲಜ ಆ ಪುಡಿಯಲ್ಲಿ ಕಾಫಿ ಮಾಡಿ, ಮೊದಲ ಲೋಟ ನನಗೇ ಕೊಟ್ಟಳು.

“ಕುಡೀರಿ, ಬಾಯಿ ತೊಳ್ಕೊಂಡಂಗಾಗುತ್ತೆ. ಏನ್ ಘಮ ನೋಡಿ! ಇದಕ್ಕೆ ಪ್ಯಾಕೆಟ್ ಬೇರೆ ಬೇಕಿತ್ತಾ?”

ಮಾರನೆಯ ದಿನ ಮಕ್ಕಳಿಗೆ ಮತ್ತೆ ಮಾವಿನಕಾಯಿಯನ್ನೇ ಬರೆಸಿದೆ. ಅದನ್ನು ಹೆಚ್ಚಿ ಉಪ್ಪಿನಕಾಯಿ ಹಾಕಲು ಇದುವರೆಗೆ ಯಾರೂ ಇಸಿದುಕೊಂಡಿಲ್ಲ.