ಎವಾರಿಸ್ತೊ ಮೇಷ್ಟ್ರ ಉರಿಯಿಲ್ಲದ ಒಲೆ

"ಈ ಮನೆಗೆ ಹೊಸ ಒಲೆ ಆರಿಸೋನು ನಾನು! ಯಾರನ್ನೂ ಕೇಳೋದಿಲ್ಲ. ನಿನ್ನನ್ನಂತೂ ಕೇಳೋದೇ ಇಲ್ಲ!"

ಹೀಗೆ ಘೋಷಿಸಿ ಎವಾರಿಸ್ತೊ ಮೇಷ್ಟ್ರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಪುಯೆಬ್ಲಾ ಊರಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ಹೇಳಿ ಅವರಿಗೆ ಮನೆಯೂ ಒಂದು ತರಗತಿ ಅನ್ನುವುದು ರೂಢಿಯಾಗಿಬಿಟ್ಟಿತ್ತು. ಆ ತರಗತಿಯಲ್ಲಿ ಹೆಂಡತಿ ರೆಮೆದಿಯೋಸ್ ಹಿಂದಿನ ಬೆಂಚಿನವಳು.

"ಅಡಿಗೆ ಮಾಡೋಳು ನಾನು, ಒಲೆ ಆರಿಸೋರು ನೀವು. ಭೇಷ್! ನಾಳೆ ನಿಮ್ಮ ಕನ್ನಡಕದ ನಂಬರು ನಾನು ಬರೆದುಕೊಡ್ತೀನಿ," ಎಂದಳು ರೆಮೆ, ಹುರುಳಿಕಾಯಿಯ ನಾರು ತೆಗೆಯುತ್ತಾ.

"ಇದು ವಿಜ್ಞಾನದ ವಿಷಯ ರೆಮೆ! ಶಾಖ, ವಿದ್ಯುತ್ತು, ಅಯಸ್ಕಾಂತ..."

"ನನಗೆ ಬೇಕಾಗಿರೋದು ನೊಗಾದಾ. ಅದೊಂದು ಕೆಡದ ಹಾಗೆ ನೋಡ್ಕೊಳ್ಳಿ, ಸಾಕು."

ಮಾತು ಬಂದು ನಿಂತಿದ್ದು ಅಲ್ಲೇ. ಪ್ರತಿ ವರ್ಷ ಸಾನ್ ಅಗುಸ್ತಿನ್ ಹಬ್ಬದ ದಿನ ಇಡೀ ಬಳಗ ಕೂತು ಊರಿನ ಹೆಸರುವಾಸಿ ತಿನಿಸಾದ ನೊಗಾದಾ ಉಣ್ಣುವುದು ಮೇಷ್ಟ್ರ ಅತ್ತೆ, ಅಂದರೆ ರೆಮೆಯ ಅಮ್ಮ, ದೋನ್ಯಾ ಹೋವಿತಾ ಅವರ ಮನೆಯಲ್ಲಿ. ದಪ್ಪ ಹಸಿರು ಪೊಬ್ಲಾನೊ ಮೆಣಸಿನಕಾಯಿಯನ್ನು ಸುಟ್ಟು, ಸಿಪ್ಪೆ ಸುಲಿದು, ಮಾಂಸ ಹಣ್ಣುಗಳ ಹೂರಣ ತುಂಬಿ, ಮೊಟ್ಟೆಯ ನೊರೆಯಲ್ಲಿ ಅದ್ದಿ ಕರಿದು, ಮೇಲೆ ಬೆಳ್ಳನೆಯ ಅಕ್ರೋಟಿನ ಗಸಿ ಸುರಿದು, ಕೆಂಪು ದಾಳಿಂಬೆ ಉದುರಿಸಿದರೆ ತಟ್ಟೆಯಲ್ಲಿ ಹಸಿರು, ಬಿಳಿ, ಕೆಂಪಿನ ದೇಶದ ಬಾವುಟವೇ ಬಿಚ್ಚಿಕೊಳ್ಳುತ್ತದೆ. ಈ ವರ್ಷ ಮಂಡಿನೋವು ತಡೆಯಲಾರದೆ ಅತ್ತೆಯವರು, "ಇನ್ನು ನಮ್ಮ ಮನೆತನದ ನೊಗಾದಾ ರೆಮೆ ಮನೇಲಿ" ಎಂದುಬಿಟ್ಟಿದ್ದರು. ಅತ್ತೆಯ ಹಿರಿಯ ಮಗಳು ಒತೀಲಿಯಾ ಅಂದಿನಿಂದ ತಂಗಿಯ ಜೊತೆ ಅರ್ಧ ಮುಖದಲ್ಲಿ ಮಾತಾಡುತ್ತಿದ್ದಳು. "ಈ ಒಂದು ವರ್ಷ ನೋಡೋಣ. ಕೆಟ್ಟರೆ ಮುಂದಿನ ವರ್ಷ ಒತೀಲಿಯಾ ಮನೆ" ಎಂದು ಅತ್ತೆ ಅವಳನ್ನು ಸಮಾಧಾನ ಮಾಡಿದ್ದರು. ರೆಮೆಗೆ ಇದು ಪಟ್ಟಾಭಿಷೇಕ. ಒಂದು ಮೆಣಸಿನಕಾಯಿ ಹದ ತಪ್ಪಿದರೂ ಕಿರೀಟ ಅಕ್ಕನ ತಲೆಗೆ!

ಇಂಥ ಹೊತ್ತಿನಲ್ಲೇ ಮದುವೆಗೆ ಅತ್ತೆ ಕೊಟ್ಟ ಹಳೆಯ ಗ್ಯಾಸ್ ಒಲೆಯ ಒಂದು ಬರ್ನರ್ ಮುನಿಸಿಕೊಂಡಿತ್ತು. ಒಂದೇ ಒಂದು! ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

ಅಂಗಡಿಯಲ್ಲಿ ಮೂರು ಬಗೆಯ ಒಲೆಗಳು ಮದುವಣಗಿತ್ತಿಯರ ಹಾಗೆ ಮಿರಿಮಿರಿ ಮಿಂಚುತ್ತಾ ಕೂತಿದ್ದವು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ಪರೀಕ್ಷೆ ಮಾಡಿದರು. ಮೊದಲನೆಯದು ಗ್ಯಾಸು. "ಆದಿಮಾನವನ ತಂತ್ರ! ಅವನು ಕಟ್ಟಿಗೆ ಉರಿಸಿದ, ನಾವು ಗ್ಯಾಸು ಉರಿಸ್ತೀವಿ. ಪ್ರಗತಿ ಎಲ್ಲಿ?" ಎಂದು ಅದನ್ನು ಫೇಲು ಮಾಡಿದರು. ಎರಡನೆಯದು ಸೆರಾಮಿಕ್ಕು, ಗಾಜಿನ ಕೆಳಗೆ ತಂತಿ ಕೆಂಪಗೆ ಕಾಯುವಂಥದ್ದು. "ಆರಿಸಿದ ಮೇಲೂ ತಣ್ಣಗಾಗೋದಿಲ್ಲ. ನಿಮ್ಮಮ್ಮನ ಕೋಪದ ಹಾಗೆ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ, ಪಕ್ಕೆಗೆ ಒಂದು ತಿವಿತ ಗಿಟ್ಟಿಸಿಕೊಂಡರು.

ಮೂರನೆಯದು ಇಂಡಕ್ಷನ್. ಅಂಗಡಿಯ ಹುಡುಗಿ ಗಾಜಿನ ಮೇಲೆ ಒಂದು ಹಾಳೆ ಹಾಸಿ, ಅದರ ಮೇಲೆ ಪಾತ್ರೆ ಇಟ್ಟು ನೀರು ಕುದಿಸಿದಳು. ನೀರು ಕೊತಕೊತ ಕುದಿಯಿತು. ಹಾಳೆ ಸುಡಲಿಲ್ಲ! ಮೇಷ್ಟ್ರ ಕಣ್ಣು ತುಂಬಿ ಬಂತು.

"ಉರಿ ಇಲ್ಲ, ಹೊಗೆ ಇಲ್ಲ, ಮಸಿ ಇಲ್ಲ! ನೋಡು ರೆಮೆ, ಇದು ಒಲೆಯಲ್ಲ, ಪ್ರಯೋಗಶಾಲೆ!"

"ಎಲ್ಲಾ ಸರಿ. ಆದರೆ ಒಂದು ಮಾತು ಕೇಳಿ..."

ಮೇಷ್ಟ್ರು ಅಂಗೈ ಎತ್ತಿ ತಡೆದರು. "ಕೇಳೋದಿಲ್ಲ ಅಂತ ಮೊದಲೇ ಹೇಳಿಲ್ವಾ?"

ರೆಮೆ ಬಾಯಿ ಮುಚ್ಚಿಕೊಂಡಳು. ಅವಳು ಹಾಗೆ ಥಟ್ಟನೆ ಬಾಯಿ ಮುಚ್ಚಿಕೊಂಡರೆ ಹೆದರಬೇಕು ಅನ್ನುವುದು ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಗೊತ್ತಿರಬೇಕಿತ್ತು.

ಹೊಸ ಒಲೆ ಬಂದ ದಿನ ರೆಮೆ ಸಂತೆಗೆ ಹೋಗಿದ್ದಳು. ಬೀದಿಯಲ್ಲಿ ಗುಜರಿ ಗಾಡಿಯ ಧ್ವನಿವರ್ಧಕ ಎಂದಿನ ರಾಗದಲ್ಲಿ ಕೂಗುತ್ತಾ ಬಂತು. "ಹಳೇ ಹಾಸಿಗೆ, ಹಳೇ ಫ್ರಿಜ್ಜು, ಹಳೇ ಒಲೆ, ಹಳೇ ಕಬ್ಬಿಣ ಯಾವುದಿದ್ದರೂ ಕೊಳ್ತೀವಿ..." ಮೇಷ್ಟ್ರು ಕಿಟಕಿಯಿಂದಲೇ ಚಪ್ಪಾಳೆ ತಟ್ಟಿ ಗಾಡಿ ನಿಲ್ಲಿಸಿದರು. ಹತ್ತಿದ ಏಣಿಯನ್ನು ಒದ್ದ ಹಾಗೆ, ಇಷ್ಟು ವರ್ಷ ಅನ್ನ ಹಾಕಿದ ಒಲೆಯನ್ನು ಗಾಡಿಗೇರಿಸಿ ಕೈಬೀಸಿ ಕಳಿಸಿಕೊಟ್ಟರು.

ರೆಮೆ ಬಂದು ಖಾಲಿ ಜಾಗ ನೋಡಿದಳು. "ಅಮ್ಮ ಕೊಟ್ಟ ಒಲೆ ಎಲ್ಲಿ?"

"ಇತಿಹಾಸ ಸೇರಿತು!"

ರೆಮೆ ಚೀಲವನ್ನು ಅಲ್ಲೇ ಬಿಟ್ಟು, ಶಾಲು ಹೊದ್ದು, "ಈಗ ಬಂದೆ" ಎಂದು ಬಿರಬಿರನೆ ಹೊರಟುಹೋದಳು. ಅಳುವುದಕ್ಕೆ ಚರ್ಚಿಗೆ ಹೋಗಿರಬೇಕು ಅಂದುಕೊಂಡರು ಮೇಷ್ಟ್ರು. ತಿರುಗಿ ಬಂದಾಗ ಏದುಸಿರು ಬಿಡುತ್ತಿದ್ದಳು, ಜಡೆ ಬಿಚ್ಚಿಹೋಗಿತ್ತು. ಪಾಪ, ಎಷ್ಟು ಅತ್ತಳೋ ಎಂದು ಅವರಿಗೆ ನಿಜವಾಗಿಯೂ ಮರುಕವಾಯಿತು.

ಮರುದಿನ ಅಡಿಗೆಮನೆಯ ಗ್ಯಾಸ್ ಪೈಪು ಮುಚ್ಚಲು ಫಿದೆನ್ಸಿಯೊ ಬಂದ. ಕೆಳಗಿನ ಮನೆಯ ಪ್ಲಂಬರು, ಮೇಷ್ಟ್ರ ಮಗಳಿಗೆ ಜ್ಞಾನಸ್ನಾನದ ಧರ್ಮಪಿತ, ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಪೈಪು ಮುಚ್ಚಿದವನು, "ತಾರಸಿ ಮೇಲೆ ಗ್ಯಾಸ್ ಟ್ಯಾಂಕಿನ ಹತ್ತಿರ ಸ್ವಲ್ಪ ಕೆಲಸ ಇದೆ" ಎಂದು ಹತ್ತಿಹೋಗಿ, ಬಹಳ ಹೊತ್ತು ಏನೋ ಕುಟ್ಟುತ್ತಿದ್ದ. ಮೇಷ್ಟ್ರು ಮೇಲೆ ಹೋಗಿ ನೋಡಲಿಲ್ಲ. ಅವರು ಹೊಸ ಒಲೆಯ ಗಾಜು ಒರೆಸುತ್ತಿದ್ದರು.

ಒಲೆಯೇನೋ ಬಂತು. ಅದರ ಮೇಲೆ ಇಡಲು ಪಾತ್ರೆ? ಮ್ಯಾಗ್ನೆಟ್ಟು ಅಂಟುವ ಪಾತ್ರೆ ಮಾತ್ರ ನಡೆಯುತ್ತದೆ ಎಂದು ಮೇಷ್ಟ್ರೇ ಪಾಠ ಮಾಡಿ, ಶಾಲೆಯಿಂದ ಮ್ಯಾಗ್ನೆಟ್ಟು ತಂದು, ಅಡಿಗೆಮನೆಯಲ್ಲಿ ತಪಾಸಣೆ ಶುರುಮಾಡಿದರು. ಅಲ್ಯೂಮಿನಿಯಂ ಡಬರಿಗೆ ಹಿಡಿದರು, ಜಾರಿತು. ತಾಮ್ರದ ಕೊಪ್ಪರಿಗೆಗೆ ಹಿಡಿದರು, ಜಾರಿತು. ಅಜ್ಜಿಯ ಕಾಲದಿಂದ ಬಂದ, ಹೂರಣ ಬೇಯಿಸುವ ಅಗಲ ಬಾಯಿಯ ಮಣ್ಣಿನ ಮಡಕೆಗೂ ಹಿಡಿದು ನೋಡಿದರು!

"ಮಣ್ಣಿಗೆ ಮ್ಯಾಗ್ನೆಟ್ಟು ಅಂಟುತ್ತೇನ್ರೀ ಮೇಷ್ಟ್ರೇ?" ಎಂದಳು ರೆಮೆ ಬಾಗಿಲಿಗೆ ಒರಗಿಕೊಂಡು.

"ವಿಜ್ಞಾನದಲ್ಲಿ ಯಾವುದನ್ನೂ ಮೊದಲೇ ತೀರ್ಮಾನ ಮಾಡಬಾರದು!"

ಕೊನೆಗೆ ಅಂಟಿದ್ದು ರೊಟ್ಟಿ ಬೇಯಿಸುವ ಕಬ್ಬಿಣದ ಕಾವಲಿಗೆ, ಅದು ಬಿಟ್ಟರೆ ಫ್ರಿಜ್ಜಿನ ಬಾಗಿಲಿಗೆ. ಮೇಷ್ಟ್ರು ಅಂದೇ ಹೋಗಿ ಹೊಸ ಸ್ಟೀಲು ಪಾತ್ರೆಗಳನ್ನು ಹೊತ್ತು ತಂದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಹಬ್ಬದ ದಿನ ಬಂತು. ಒತೀಲಿಯಾ "ಸಹಾಯಕ್ಕೆ" ಎಂದು ಹೊತ್ತಿಗೆ ಮೊದಲೇ ಬಂದು, ಅಡಿಗೆಮನೆಯನ್ನು ಮೂಲೆ ಮೂಲೆ ಮೂಸಿ ನೋಡಿದಳು. ಅಕ್ಕತಂಗಿಯರು ಪಡಸಾಲೆಯಲ್ಲಿ ಕೂತು ಹಸಿ ಅಕ್ರೋಟಿನ ಹೊಟ್ಟು ಬಿಡಿಸತೊಡಗಿದರು. ಅದು ಉಗುರು ಸವೆಯುವ ಕೆಲಸ, ನಡುವೆ ಏಳುವಂತಿಲ್ಲ.

"ಮೆಣಸಿನಕಾಯಿ ಇನ್ನೂ ಸುಟ್ಟೇ ಇಲ್ವಲ್ಲೇ ರೆಮೆ? ಅಮ್ಮ ಬರೋ ಹೊತ್ತಾಯ್ತು," ಎಂದು ಒತೀಲಿಯಾ ಸಕ್ಕರೆಯಂಥ ದನಿಯಲ್ಲಿ ಕೇಳಿದಳು.

"ಇದು ಮುಗಿಸಿ ನಾನೇ ಸುಟ್ಕೋತೀನಿ."

"ನೀನ್ಯಾಕೆ? ನಾನಿಲ್ವಾ? ನನ್ನ ಒಲೆ ಇಲ್ವಾ?" ಎನ್ನುತ್ತಾ ಮೇಷ್ಟ್ರು ಟೈ ಸರಿಮಾಡಿಕೊಂಡು, ಮೆಣಸಿನಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ನಡೆದೇಬಿಟ್ಟರು.

ಹೊಳೆಯುವ ಗಾಜಿನ ಮೇಲೆ ಒಂದು ಮೆಣಸಿನಕಾಯಿ ಮಲಗಿಸಿ ಗುಂಡಿ ಒತ್ತಿದರು. ಒಲೆ "ಕೀಂ" ಎಂದಿತು. ಮತ್ತೆ ಒತ್ತಿದರು. "ಕೀಂ ಕೀಂ ಕೀಂ!" ಮೆಣಸಿನಕಾಯಿ ಹೊಲದಲ್ಲಿದ್ದಷ್ಟೇ ತಣ್ಣಗೆ ಮಲಗಿತ್ತು. ಆಗ, ಆಗ ಮಾತ್ರ, ಆ ಸತ್ಯ ಮೇಷ್ಟ್ರಿಗೆ ಸಿಡಿಲಿನ ಹಾಗೆ ಹೊಡೆಯಿತು. ಪುಯೆಬ್ಲಾದಲ್ಲಿ ಹುಟ್ಟಿ, ಪುಯೆಬ್ಲಾದಲ್ಲಿ ಬೆಳೆದು, ವರ್ಷವರ್ಷವೂ ನೊಗಾದಾ ತಿಂದು ತೇಗಿದ ಮನುಷ್ಯ, ಮೆಣಸಿನಕಾಯಿ ಸುಡಲು ಉರಿ ಬೇಕು ಅನ್ನುವುದನ್ನೇ ಮರೆತು ಉರಿಯಿಲ್ಲದ ಒಲೆ ತಂದಿದ್ದರು!

ಆದರೂ ಸೋಲಲಿಲ್ಲ. ಕಬ್ಬಿಣದ ಕಾವಲಿ ಇಟ್ಟರು. ಮೆಣಸಿನಕಾಯಿ ಸುಡುವ ಬದಲು ಬೆವರಿ ಬಾಡಿತು, ಸಿಪ್ಪೆ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತು. ಪಕ್ಕದಲ್ಲಿ ಹೂರಣ, ಆ ಕಡೆ ಅನ್ನ, ಈ ಕಡೆ ಕಾವಲಿ, ಎಲ್ಲವನ್ನೂ ಒಟ್ಟಿಗೆ ಪೂರ್ತಿ ಏರಿಸಿದರು. ಢಬ್! ಫ್ಯೂಸು ಹಾರಿ, ಅಡಿಗೆಮನೆಯ ದೀಪವೂ ಹೋಗಿ, ಪ್ರಯೋಗಶಾಲೆ ಕತ್ತಲಾಯಿತು.

ಮೇಷ್ಟ್ರು ಬುಟ್ಟಿಯನ್ನು ಕೋಟಿನಲ್ಲಿ ಮುಚ್ಚಿಕೊಂಡು ಹಿಂಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಫಿದೆನ್ಸಿಯೊ ಮನೆಗೆ ಇಳಿದರು.

"ಕೊಂಪಾದ್ರೆ, ಪೈಪು ಬೆಸೆಯೋಕೆ ಬೆಂಕಿ ಉಗುಳೋ ಒಂದು ಯಂತ್ರ ಇದೆಯಲ್ಲ ನಿನ್ನ ಹತ್ರ, ಕೊಡು."

ಫಿದೆನ್ಸಿಯೊ ಬುಟ್ಟಿ ನೋಡಿದ, ಟೈ ನೋಡಿದ, ತುಟಿ ಕಚ್ಚಿಕೊಂಡ. "ಕೊಡ್ತೀನಿ ಕೊಂಪಾದ್ರೆ. ಆದರೆ ರೆಮೆದಿಯೋಸ್ ಹತ್ರ ಒಂದು ಮಾತು ಕೇಳಬಾರದಾ?"

"ಸಾಧ್ಯವೇ ಇಲ್ಲ! ಮಾನದ ಪ್ರಶ್ನೆ!"

"ಹಾಗಾದ್ರೆ ತಾರಸಿಗೆ ಹೋಗು. ಅಲ್ಲಿ... ಅನುಕೂಲ ಇದೆ," ಎಂದವನು ಕೆಮ್ಮಿನ ನೆಪದಲ್ಲಿ ಒಳಗೆ ಓಡಿದ.

ನಿಜಕ್ಕೂ ಅನುಕೂಲವಿತ್ತು. ಒಣಗಲು ಹಾಕಿದ ಬಟ್ಟೆಗಳ ನಡುವೆ, ಗ್ಯಾಸ್ ಟ್ಯಾಂಕಿನ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಯಾರದೋ ಮೇಜು, ಸುತ್ತ ಟಾರ್ಪಾಲು, ಮೇಲೆ ಒಂದು ತಗಡು. ಮೇಷ್ಟ್ರು ತಗಡಿನ ಮೇಲೆ ಮೆಣಸಿನಕಾಯಿ ಹರಡಿ, ಯಂತ್ರ ಹೊತ್ತಿಸಿದರು. ಭರ್ರೋ ಎಂದು ನೀಲಿ ಜ್ವಾಲೆ! ಮೊದಲ ಮೆಣಸಿನಕಾಯಿ ಇದ್ದಿಲಾಯಿತು. ಎರಡನೆಯದು ಹಾರಿ ಯಾರದೋ ಬೆಡ್‌ಶೀಟಿಗೆ ಮುತ್ತಿಟ್ಟಿತು. ಆಮೇಲೆ ಘಾಟು ಎದ್ದಿತು ನೋಡಿ! ಮೆಟ್ಟಿಲಿಳಿದು, ಕಿಟಕಿ ತೂರಿ, ಕಟ್ಟಡಕ್ಕೆ ಕಟ್ಟಡವೇ ಸೀನತೊಡಗಿತು.

"ಯಾರಯ್ಯಾ ಅದು ಮೇಲೆ? ಹಬ್ಬದ ದಿನ ಸಾಯಿಸ್ತೀಯಾ?" ಎಂದು ಯಾರೋ ಕೆಳಗಿನಿಂದ ಕೂಗಿದರು.

ಕಣ್ಣೀರು ಸುರಿಯುತ್ತಾ ಮೇಷ್ಟ್ರು ತಿರುಗಿದಾಗ ಮೆಟ್ಟಿಲ ತುದಿಯಲ್ಲಿ ಕೋಲೂರಿಕೊಂಡು ನಿಂತಿದ್ದವರು ಅತ್ತೆ ದೋನ್ಯಾ ಹೋವಿತಾ! ಹಿಂದೆ ಸೆರಗಿನಂತೆ ಶಾಲಿನಲ್ಲಿ ಮೂಗು ಮುಚ್ಚಿಕೊಂಡ ಒತೀಲಿಯಾ. ಅವಳ ಹಿಂದೆ, ಅಕ್ರೋಟಿನ ಕರೆ ಹಿಡಿದ ಕೈಯಲ್ಲಿ, ರೆಮೆ.

"ಏನು ಅಳಿಯಂದ್ರೇ, ಪೈಪು ಬೆಸೀತಿದ್ದೀರೋ, ನೊಗಾದಾ ಮಾಡ್ತಿದ್ದೀರೋ?"

"ನೋಡಿದ್ಯಾ ಅಮ್ಮ? ಮುಂದಿನ ವರ್ಷ ನಮ್ಮ ಮನೇಲೇ..." ಎಂದು ಒತೀಲಿಯಾ ಶುರುಮಾಡಿದಳು.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳ ಕಿರೀಟವನ್ನು ತಾನೇ ಸುಟ್ಟೆನಲ್ಲ! ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಂದ ಆ ಮಾತು ಹೊರಬಿತ್ತು. "ರೆಮೆ... ಈಗ ಏನು ಮಾಡೋಣ?"

"ಅಬ್ಬಾ! ಕೇಳಿದ್ರಲ್ಲ!" ಎಂದು ರೆಮೆ ಮುಂದೆ ಬಂದಳು. ಉಳಿದ ಮೆಣಸಿನಕಾಯಿಗಳನ್ನು ಬುಟ್ಟಿಗೆ ತುಂಬಿದಳು. ತಗಡು ಎತ್ತಿದಳು. ಟಾರ್ಪಾಲು ಎಳೆದಳು.

ಕೆಳಗೆ, ಟ್ಯಾಂಕಿಗೆ ಪೈಪು ಸಿಕ್ಕಿಸಿಕೊಂಡು, ಉಜ್ಜಿ ಬೆಳಗಿದ ಮೈಯಲ್ಲಿ, ಮುನಿಸು ರಿಪೇರಿಯಾದ ಬರ್ನರ್ ಸಮೇತ ಕೂತಿತ್ತು ಅತ್ತೆ ಕೊಟ್ಟ ಹಳೆಯ ಒಲೆ!

"ಗುಜರಿ ಗಾಡೀನ ಮೂರನೇ ಬೀದಿ ತನಕ ಅಟ್ಟಿಸ್ಕೊಂಡು ಹೋಗಿ ಬಿಡಿಸ್ಕೊಂಡು ಬಂದೆ. ಒಲೆ ಹೊತ್ತು ತಂದು ಕೂರಿಸಿದ್ದು ಕೊಂಪಾದ್ರೆ," ಎಂದಳು ರೆಮೆ, ಬೆಂಕಿಕಡ್ಡಿ ಗೀರುತ್ತಾ.

ದೋನ್ಯಾ ಹೋವಿತಾ ಮಂಡಿನೋವು ಮರೆತು ನಗತೊಡಗಿದರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ! ನಮ್ಮ ಮೇಷ್ಟ್ರು ಒಲೆ ಮುಂದೇ ನಿಂತು ಒಲೆ ಇಲ್ಲಾ ಅಂತ ಅತ್ತರಂತೆ!"

ನಾಲ್ಕು ಉರಿಯಲ್ಲಿ ಮೆಣಸಿನಕಾಯಿ ಚಟಚಟ ಸಿಡಿದು, ಸಿಪ್ಪೆ ಬೊಬ್ಬೆಯೆದ್ದು, ಎಷ್ಟು ಬೇಕೋ ಅಷ್ಟೇ ಕಪ್ಪಾಯಿತು. ಫ್ಯೂಸು ಹಾಕಿದ ಮೇಲೆ ಕರಿಯುವ ಕೆಲಸ ಇಂಡಕ್ಷನ್ ಒಲೆಯ ಮೇಲಾಯಿತು. ಎಣ್ಣೆ ಒಂದೇ ಹದದಲ್ಲಿ ಕಾದು, ಮೊಟ್ಟೆಯ ನೊರೆ ಹೊಂಬಣ್ಣಕ್ಕೆ ತಿರುಗಿದ್ದನ್ನು ಅತ್ತೆಯೇ ಬಗ್ಗಿ ನೋಡಿ, "ಹ್ಞೂಂ" ಎಂದರು. ಆ ಮನೆತನದಲ್ಲಿ ಅವರ "ಹ್ಞೂಂ" ಅಂದರೆ ಪದಕ. ಮೇಷ್ಟ್ರ ಎದೆ ಮತ್ತೆ ಉಬ್ಬಿತು. ಟೈಯೂ ನೆಟ್ಟಗಾಯಿತು.

ಊಟ ಮುಗಿಯುವ ಹೊತ್ತಿಗೆ ಒತೀಲಿಯಾ ಕೂಡ ಎರಡನೇ ಸಲ ಬಡಿಸಿಕೊಂಡಿದ್ದಳು. ದೋನ್ಯಾ ಹೋವಿತಾ ಲೋಟ ಎತ್ತಿ ನಿಂತರು. "ಮುಂದಿನ ವರ್ಷವೂ ಇದೇ ಮನೆ! ಈಗ, ಈ ಮನೆಗೆ ಒಲೆ ಆರಿಸಿದ ಜಾಣರಿಗೆ ಜಯವಾಗಲಿ!"

ಮೇಷ್ಟ್ರು ಎದ್ದರು. ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಎಲ್ಲರಿಗೂ ವಂದಿಸಿದರು. ಅತ್ತೆಯ ಲೋಟ ಅವರ ಮೂಗಿನ ಮುಂದಿನಿಂದಲೇ ಹಾದುಹೋಗಿ ರೆಮೆಯ ಲೋಟಕ್ಕೆ ಟಣ್ಣೆಂದು ತಗುಲಿತು.

ಅದೇ ಹೊತ್ತಿಗೆ ಬೀದಿಯಿಂದ ಆ ಹಾಳು ರಾಗ ತೇಲಿ ಬಂತು. "ಹಳೇ ಹಾಸಿಗೆ, ಹಳೇ ಫ್ರಿಜ್ಜು, ಹಳೇ ಕಬ್ಬಿಣ ಯಾವುದಿದ್ದರೂ ಕೊಳ್ತೀವಿ..."

ಬಳಗವೆಲ್ಲ ಮೇಷ್ಟ್ರ ಕಡೆ ತಿರುಗಿತು. ರೆಮೆ ಅವರ ತೋಳು ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದಳು.

"ತೆಪ್ಪಗೆ ಕೂತ್ಕೊಳ್ಳಿ, ಕಿಟಕಿ ಹತ್ರ ಹೋಗಬೇಡಿ. ಹಳೇದನ್ನ ಒಂದು ಸಲ ಬಿಡಿಸ್ಕೊಂಡು ಬಂದಿದ್ದೀನಿ. ನಿಮ್ಮನ್ನ ಎತ್ಕೊಂಡು ಹೋದ್ರೆ ಅಟ್ಟಿಸ್ಕೊಂಡು ಬರೋದಿಲ್ಲ!"